ಕನ್ನಡಕದ ಬೆಲೆ ಕೇಳುವ ಮುನ್ನ



ಕಪ್ಪುಹಲಗೆಯ ಮೇಲೆ ಬರೆದದ್ದನ್ನು ಪಕ್ಕದವರ ಪುಸ್ತಕ ನೋಡಿಯೇ ಬರೆದುಕೊಳ್ಳುವ ಗೆಳೆಯನೋ ಗೆಳತಿಯೋ ನಿಮ್ಮ ತರಗತಿಯಲ್ಲಿ ಒಬ್ಬರಾದರೂ ಇರುತ್ತಾರೆ. ಮೇಷ್ಟ್ರು ಅದನ್ನು ಸೋಮಾರಿತನ ಎನ್ನುತ್ತಾರೆ. ಮನೆಯಲ್ಲಿ "ಓದಿನಲ್ಲಿ ಗಮನವೇ ಇಲ್ಲ" ಎನ್ನುತ್ತಾರೆ. ಎಷ್ಟೋ ಸಲ ಕಾರಣ ಬೇರೆಯೇ ಆಗಿರುತ್ತದೆ. ಆ ಹುಡುಗನಿಗೆ ಹಲಗೆ ಕಾಣುತ್ತಿರುವುದಿಲ್ಲ. ತನಗೆ ಕಾಣುವಷ್ಟೇ ಎಲ್ಲರಿಗೂ ಕಾಣುತ್ತದೆ ಎಂದು ಅವನು ನಂಬಿರುವುದರಿಂದ ಯಾರಿಗೂ ಹೇಳುವುದೂ ಇಲ್ಲ.

ಹೇಳಿದರೂ ಕನ್ನಡಕ ತಕ್ಷಣ ಬರುವುದಿಲ್ಲ. ಶ್ರೀನಿವಾಸಪುರದ ಕಡೆ "ಮಾವಿನ ಸುಗ್ಗಿ ಮುಗಿಯಲಿ, ನೋಡೋಣ" ಎನ್ನುತ್ತಾರೆ. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿಯುವ ತಂದೆ ಮುಂದಿನ ತಿಂಗಳಿಗೆ ತಳ್ಳುತ್ತಾರೆ. ಹುಡುಗಿಯಾದರೆ "ಈಗಲೇ ಕನ್ನಡಕ ಹಾಕಿದರೆ ನಾಳೆ ಗಂಡಿನವರು ಏನಂದಾರು?" ಎಂಬ ಮಾತೂ ಸೇರುತ್ತದೆ. ಹೀಗೆ ಒಂದು ಶಾಲಾವರ್ಷವೇ ಕಳೆದುಹೋಗುತ್ತದೆ.

ಈ ವಿಳಂಬಕ್ಕೆ ಬೆಲೆಯ ಭಯವೇ ದೊಡ್ಡ ಕಾರಣ. ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ 2023ರ ಜುಲೈ ತಿಂಗಳಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಆಗ ಎರಡು ಸಾವಿರದ ಕನ್ನಡಕವೆಂದರೆ ಒಂದು ಬಾಕ್ಸ್ ಟೊಮೆಟೊ. ಬೆಲೆ ಬಿದ್ದ ವಾರಗಳಲ್ಲಿ ಅದೇ ಬಾಕ್ಸ್ ಕೂಲಿಗೂ ಬಾಡಿಗೆಗೂ ಸಾಲುವುದಿಲ್ಲ. ಆಗ ಅದೇ ಕನ್ನಡಕ ಗಾಡಿ ತುಂಬ ಟೊಮೆಟೊಗೆ ಸಮ. ಹಾಗಾಗಿ ಕನ್ನಡಕಕ್ಕೆ ಎಷ್ಟು ಕೊಡಬೇಕು, ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಕೊಡಬೇಕಾಗಿಲ್ಲ ಎಂಬುದನ್ನು ಇಂದು ವಿವರವಾಗಿ ನೋಡೋಣ.

ಪವರ್ ಎಂದರೇನು?

ಭೌತಶಾಸ್ತ್ರದ ಪಾಠವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ವಸ್ತುವಿನಿಂದ ಬಂದ ಬೆಳಕು ಕಣ್ಣಿನೊಳಗೆ ಬಾಗಿ ಅಕ್ಷಿಪಟಲದ ಮೇಲೆ ಬಿಂಬ ಮೂಡಿಸಬೇಕು. ಕಣ್ಣುಗುಡ್ಡೆ ತುಸು ಉದ್ದವಾಗಿದ್ದರೆ ದೂರದ ವಸ್ತುವಿನ ಬಿಂಬ ಅಕ್ಷಿಪಟಲಕ್ಕಿಂತ ಮುಂದೆಯೇ ಮೂಡುತ್ತದೆ. ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕಾಗುತ್ತದೆ. ಇದು ಸಮೀಪದೃಷ್ಟಿ. ಇದಕ್ಕೆ ನಿಮ್ನ ಮಸೂರ ಬೇಕು. ಚೀಟಿಯಲ್ಲಿ ಮೈನಸ್ ಗುರುತು ಇರುತ್ತದೆ. ಇದಕ್ಕೆ ವಿರುದ್ಧವಾದ ದೂರದೃಷ್ಟಿಗೆ ಪೀನ ಮಸೂರ, ಪ್ಲಸ್ ಗುರುತು.

ಮಸೂರದ ಸಾಮರ್ಥ್ಯವನ್ನು ಡಯಾಪ್ಟರ್‌ನಲ್ಲಿ ಅಳೆಯುತ್ತಾರೆ. ಒಂದನ್ನು ಮೀಟರಿನಲ್ಲಿರುವ ಸಂಗಮದೂರದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಡಯಾಪ್ಟರ್. ಎರಡು ಪವರಿನ ಮಸೂರದ ಸಂಗಮದೂರ 50 ಸೆಂಟಿಮೀಟರ್. ಕಣ್ಣಿನ ಮೇಲ್ಮೈ ಎಲ್ಲ ದಿಕ್ಕಿನಲ್ಲೂ ಒಂದೇ ಸಮನಾಗಿ ಬಾಗಿರದಿದ್ದರೆ ಸಿಲಿಂಡರ್ ಪವರ್ ಬೇಕಾಗುತ್ತದೆ. ಅದನ್ನು ಯಾವ ಕೋನದಲ್ಲಿ ಕೂರಿಸಬೇಕೆಂದು ಹೇಳುವ ಅಂಕಿಯೇ ಆಕ್ಸಿಸ್. ನಲವತ್ತು ದಾಟಿದ ನನ್ನಂಥವರಿಗೆ ಬರುವ ಚಾಳೀಸು ಬೇರೆ ಸಂಗತಿ. ಕಣ್ಣಿನೊಳಗಿನ ಮಸೂರ ಗಡುಸಾಗಿ ಹತ್ತಿರದ ಅಕ್ಷರಕ್ಕೆ ಹೊಂದಿಕೊಳ್ಳಲಾರದೆ ಹೋಗುತ್ತದೆ.

ಕನ್ನಡಕ ಹಾಕಿದರೆ ಪವರ್ ಏರುತ್ತದೆ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆಯೂ ಬೆಳೆಯುತ್ತದೆ, ಅದರಿಂದ ಪವರ್ ಏರುತ್ತದೆ. ಕನ್ನಡಕ ಅದಕ್ಕೆ ಕಾರಣವಲ್ಲ. ಬಿಸಿಲು ಬೆಳಕಿನ ಬಯಲಾಟ ಮಾತ್ರ ನಿಜಕ್ಕೂ ನೆರವಾಗುತ್ತದೆ. ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಕಳಿಸಿ ಮೂರು ವರ್ಷ ಗಮನಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಶಾಲೆಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಸುಮಾರು ಶೇ. 30, ಉಳಿದ ಶಾಲೆಗಳಲ್ಲಿ ಸುಮಾರು ಶೇ. 40. ಆಟದ ಪೀರಿಯಡ್ ಅನ್ನು ಗಣಿತಕ್ಕೆ ಬಿಟ್ಟುಕೊಡುವ ಮುನ್ನ ಇದನ್ನು ಮೇಷ್ಟ್ರಿಗೆ ಹೇಳಬಹುದು.

ದುಡ್ಡು ಎಲ್ಲಿಗೆ ಹೋಗುತ್ತದೆ?

ಕನ್ನಡಕದ ಬಿಲ್ಲಿನಲ್ಲಿ ನಾಲ್ಕು ಬಾಬತ್ತುಗಳು ಅಡಗಿರುತ್ತವೆ: ಕಣ್ಣಿನ ಪರೀಕ್ಷೆ, ಫ್ರೇಮು, ಮಸೂರ, ಮಸೂರದ ಮೇಲಿನ ಲೇಪನ. "ಪರೀಕ್ಷೆ ಉಚಿತ" ಎಂಬ ಬೋರ್ಡು ಇದ್ದರೆ ಆ ಖರ್ಚು ಉಳಿದ ಮೂರರಲ್ಲಿ ಎಲ್ಲೋ ಸೇರಿಕೊಂಡಿರುತ್ತದೆ.

ಫ್ರೇಮಿನ ಬೆಲೆಯಲ್ಲಿ ಹೆಸರಿನ ಪಾಲು ದೊಡ್ಡದು. ಫ್ರಾನ್ಸಿನ ಎಸ್ಸಿಲೋರ್ ಮತ್ತು ಇಟಲಿಯ ಲಕ್ಸಾಟಿಕಾ 2018ರಲ್ಲಿ ಒಂದಾದವು. ರೇ-ಬ್ಯಾನ್‌ನಂಥ ಪ್ರಸಿದ್ಧ ಫ್ರೇಮುಗಳು, ಜಗತ್ತಿನಾದ್ಯಂತ ಮಾರಾಟವಾಗುವ ಮಸೂರಗಳು, ಸಾವಿರಾರು ಅಂಗಡಿಗಳು ಇಂದು ಆ ಒಂದೇ ಸಂಸ್ಥೆಯ ಕೈಯಲ್ಲಿವೆ. ಬೇರೆ ಬೇರೆ ಹೆಸರುಗಳ ನಡುವೆ ಪೈಪೋಟಿ ಇದೆಯೆಂದು ನಮಗೆ ತೋರುತ್ತದೆ. ಎಷ್ಟೋ ಸಲ ಅವೆಲ್ಲ ಒಂದೇ ಮನೆಯ ಮಕ್ಕಳು. ಇನ್ನು ಅಂಗಡಿಯವರ ಕಷ್ಟವನ್ನೂ ಹೇಳಬೇಕು. ನೂರಾರು ಫ್ರೇಮುಗಳನ್ನು ಗಾಜಿನ ಕಪಾಟಿನಲ್ಲಿ ಇಟ್ಟು ಕಾಯಬೇಕು, ದಿನಕ್ಕೆ ಮಾರಾಟವಾಗುವುದು ಕೆಲವೇ. ಬಾಡಿಗೆ, ಸಂಬಳ ಎಲ್ಲವೂ ಆ ಕೆಲವರ ಮೇಲೆ ಬೀಳುತ್ತದೆ. ಚೌಕಾಸಿಗೆ ಜಾಗ ಇರುವುದೂ ಫ್ರೇಮಿನಲ್ಲೇ.

ಬಟ್ಟೆ ಅಂಗಡಿಯ ಮಾತೇ ಇಲ್ಲೂ ಕೇಳಿಬರುತ್ತದೆ. "ಅಕ್ಕಾ, ಇದು ಕಂಪನಿ ಮಾಲು, ಮಗೂಗೆ ಇದೇ ತಗೊಳ್ಳಿ" ಎನ್ನುತ್ತಾರೆ. ತಾಯಿ ಕೇಳಬೇಕಾದ ಪ್ರಶ್ನೆ ಒಂದೇ: "ಫ್ರೇಮಿಗೆಷ್ಟು, ಗ್ಲಾಸಿಗೆಷ್ಟು, ಬೇರೆ ಬೇರೆ ಹೇಳಣ್ಣ."

ಮಸೂರಕ್ಕೆ ಬರೋಣ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಸಿಆರ್-39 ಎಂಬ ಪ್ಲಾಸ್ಟಿಕ್. ಅದರ ವಕ್ರೀಭವನ ಸೂಚ್ಯಂಕ ಸುಮಾರು 1.5. ಪಾಲಿಕಾರ್ಬೊನೇಟ್‌ನದು 1.59, ಇದು ಪೆಟ್ಟಿಗೆ ಸುಲಭವಾಗಿ ಒಡೆಯುವುದಿಲ್ಲ, ಆಟವಾಡುವ ಮಕ್ಕಳಿಗೆ ಒಳ್ಳೆಯದು. 1.67, 1.74 ಸೂಚ್ಯಂಕದ ಮಸೂರಗಳು ತೆಳುವಾಗಿರುತ್ತವೆ, ಬೆಲೆ ಏರುತ್ತ ಹೋಗುತ್ತದೆ. ಸೂಚ್ಯಂಕ ಹೆಚ್ಚಿದಷ್ಟೂ ಬೆಳಕು ಹೆಚ್ಚು ಬಾಗುವುದರಿಂದ ಕಡಿಮೆ ದಪ್ಪ ಸಾಕಾಗುತ್ತದೆ. ಆದರೆ ಎರಡು, ಮೂರು ಪವರಿನವರಿಗೆ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಅವರಿಗೆ ಸಾಮಾನ್ಯ ಮಸೂರವೇ ಸಾಕು.

"ಸೋಡಾಬುಡ್ಡಿ" ಎಂಬ ಗೇಲಿಗೆ ಹೆದರುವವರಿಗೆ ಖರ್ಚಿಲ್ಲದ ಉಪಾಯವೊಂದಿದೆ. ಮೈನಸ್ ಮಸೂರ ನಡುವೆ ತೆಳು, ಅಂಚಿನಲ್ಲಿ ದಪ್ಪ. ಚಿಕ್ಕದಾದ, ದುಂಡನೆಯ ಫ್ರೇಮು ಆರಿಸಿದರೆ ಆ ದಪ್ಪ ಅಂಚು ಕತ್ತರಿಸಿ ಹೋಗುತ್ತದೆ. ದೊಡ್ಡ ಚೌಕಾಕಾರದ ಫ್ರೇಮು ಆರಿಸಿ, ಆಮೇಲೆ ತೆಳು ಮಸೂರಕ್ಕೆ ದುಬಾರಿ ಬೆಲೆ ತೆರುವುದು ಕೊಡ ತೂತು ಮಾಡಿಕೊಂಡು ನೀರು ಹೊತ್ತಂತೆ.

ಲೇಪನಗಳಲ್ಲಿ ಗೀರು ತಡೆಯುವುದು ಅಗತ್ಯ. ಪ್ರತಿಫಲನ ತಡೆಯುವುದು ಉಪಯುಕ್ತ. ಮಸೂರದ ಒಂದೊಂದು ಮೇಲ್ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಅದು ಉಳಿಯುತ್ತದೆ. ಕಂಪ್ಯೂಟರ್, ಮೊಬೈಲ್ ಹೆಸರಿನಲ್ಲಿ ಮಾರುವ "ಬ್ಲೂ ಕಟ್" ಲೇಪನದ ವಿಷಯ ಬೇರೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2023ರ ಕಾಕ್ರೇನ್ ವಿಮರ್ಶೆ, ಅದರಿಂದ ಕಣ್ಣಿನ ಆಯಾಸ ಅಲ್ಪಾವಧಿಯಲ್ಲಿ ಕಡಿಮೆಯಾಗುವ ಸಂಭವವಿಲ್ಲ ಎಂದಿತು. ಆ ಹಣ ಉಳಿಸಿಕೊಳ್ಳಿ.

ತೆರಿಗೆಯ ಮಾತೂ ತಿಳಿದಿರಲಿ. ದೃಷ್ಟಿದೋಷ ಸರಿಪಡಿಸುವ ಕನ್ನಡಕ, ಮಸೂರ, ಫ್ರೇಮುಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಯಿತು. ಬಿಲ್ಲು ಪಡೆದರೆ ಮಾತ್ರ ಇದು ನಿಮಗೆ ಕಾಣುತ್ತದೆ.

ಅಂಗಡಿ ಆರಿಸುವುದು ಹೇಗೆ?

ಮೊದಲು ಮೂವರನ್ನು ಬೇರೆ ಬೇರೆಯಾಗಿ ಗುರುತಿಸಿ. ನೇತ್ರತಜ್ಞರು ವೈದ್ಯರು, ರೋಗ ಪತ್ತೆ ಹಚ್ಚಿ ಚಿಕಿತ್ಸೆ, ಶಸ್ತ್ರಚಿಕಿತ್ಸೆ ಮಾಡುವವರು. ಆಪ್ಟೋಮೆಟ್ರಿಸ್ಟ್ ದೃಷ್ಟಿ ಪರೀಕ್ಷಿಸಲು ತರಬೇತಿ ಪಡೆದವರು. ಆಪ್ಟಿಶಿಯನ್ ಚೀಟಿಯಂತೆ ಕನ್ನಡಕ ಸಿದ್ಧಪಡಿಸಿ ಮುಖಕ್ಕೆ ಹೊಂದಿಸುವವರು. ಔಷಧದ ಅಂಗಡಿಯಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಇರಬೇಕೆಂಬ ನಿಯಮವಿದೆ; ಕನ್ನಡಕದಂಗಡಿಗೆ ಅಂಥ ಕಟ್ಟುನಿಟ್ಟು ಬಹುಕಾಲ ಇರಲಿಲ್ಲ. ಆರೋಗ್ಯ ಸಹಾಯಕ ವೃತ್ತಿಗಳಿಗಾಗಿ ಬಂದ 2021ರ ಕೇಂದ್ರ ಕಾಯ್ದೆ ಆಪ್ಟೋಮೆಟ್ರಿಸ್ಟರನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಆದ್ದರಿಂದ "ಪರೀಕ್ಷೆ ಮಾಡುವವರು ಯಾರು, ಏನು ಓದಿದ್ದಾರೆ?" ಎಂದು ಕೇಳುವುದು ಅವಮಾನವಲ್ಲ, ನಿಮ್ಮ ಹಕ್ಕು.

ಮಕ್ಕಳ ಮೊದಲ ಕನ್ನಡಕಕ್ಕೆ ನೇತ್ರತಜ್ಞರ ಪರೀಕ್ಷೆಯೇ ಆಗಬೇಕು. ಎಳೆಯ ಕಣ್ಣು ತನ್ನಷ್ಟಕ್ಕೆ ಬಿಗಿದುಕೊಂಡು ಯಂತ್ರಕ್ಕೆ ತಪ್ಪು ಅಂಕಿ ತೋರಿಸಬಲ್ಲದು. ವೈದ್ಯರು ಹನಿ ಹಾಕಿ ಆ ಬಿಗಿತ ಸಡಿಲಿಸಿ ಅಳೆಯುತ್ತಾರೆ. ಕಂಪ್ಯೂಟರ್ ಯಂತ್ರ ಕೊಟ್ಟ ಚೀಟಿ ಆರಂಭ ಮಾತ್ರ. ಅಕ್ಷರಗಳ ಫಲಕ ಓದಿಸಿ, ಮಸೂರ ಬದಲಿಸಿ ನೋಡಿದ ಮೇಲೆಯೇ ಪವರ್ ನಿಶ್ಚಯವಾಗಬೇಕು.

ಪರೀಕ್ಷೆಯ ಚೀಟಿ ನಿಮ್ಮ ಸ್ವತ್ತು. ಅದನ್ನು ಬರೆಸಿಕೊಂಡು, ಮಾಲೂರಿನಲ್ಲಿ ಒಂದು ಅಂಗಡಿ, ಕೋಲಾರದಲ್ಲಿ ಎರಡು ಅಂಗಡಿ ವಿಚಾರಿಸಿ. ಪರೀಕ್ಷೆ ಮಾಡಿದಲ್ಲೇ ಕೊಳ್ಳಬೇಕೆಂಬ ನಿರ್ಬಂಧ ಯಾರೂ ಹಾಕುವಂತಿಲ್ಲ. ಎರಡು ಕಣ್ಣುಪಾಪೆಗಳ ನಡುವಿನ ಅಂತರವನ್ನೂ ಮಿಲಿಮೀಟರಿನಲ್ಲಿ ಬರೆಸಿಕೊಳ್ಳಿ. ಇದು ಏಕೆ ಮುಖ್ಯ? ನಾಲ್ಕು ಪವರಿನ ಮಸೂರಗಳ ಕೇಂದ್ರಗಳು ಒಟ್ಟು 5 ಮಿಲಿಮೀಟರ್ ಆಚೀಚೆಯಾದರೆ, ಒಂದು ಮೀಟರ್ ದೂರದಲ್ಲಿ ಎರಡು ಕಣ್ಣಿನ ನೋಟಗಳ ನಡುವೆ 2 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಅದನ್ನು ಸರಿದೂಗಿಸಲು ಕಣ್ಣಿನ ಸ್ನಾಯುಗಳು ದಿನವಿಡೀ ಎಳೆದಾಡುತ್ತವೆ, ತಲೆ ನೋಯುತ್ತದೆ. ಪವರ್ ಸರಿಯಾಗಿದ್ದರೂ ಕನ್ನಡಕ ಪೆಟ್ಟಿಗೆ ಸೇರುವುದು ಹೀಗೆ.

ಕನ್ನಡಕ ಕೈಗೆ ಬಂದಾಗ ಲೆನ್ಸ್‌ಮೀಟರಿನಲ್ಲಿ ಇಟ್ಟು ನಿಮ್ಮೆದುರಿಗೇ ಪವರ್ ತೋರಿಸಲು ಹೇಳಿ. ಒಳ್ಳೆಯ ಅಂಗಡಿಯವರು ಸಂತೋಷದಿಂದ ತೋರಿಸುತ್ತಾರೆ. ಒಗ್ಗದಿದ್ದರೆ ಮರುಪರೀಕ್ಷೆ ಉಂಟೇ, ಮೂಗಿನ ಬಿಲ್ಲೆ, ಸ್ಕ್ರೂ ಸರಿಪಡಿಸುವುದು ಉಂಟೇ ಎಂದು ಮೊದಲೇ ಕೇಳಿ. ಈ ಕಾರಣಕ್ಕೇ ಬಸ್ ಚಾರ್ಜು ಕೊಟ್ಟು ಬೆಂಗಳೂರಿನವರೆಗೆ ಹೋಗುವುದಕ್ಕಿಂತ ಊರಿನ ನಂಬಿಕಸ್ಥ ಅಂಗಡಿ ಎಷ್ಟೋ ಸಲ ಅಗ್ಗ. ಹಳೆಯ ಫ್ರೇಮು ಗಟ್ಟಿಯಾಗಿದ್ದರೆ ಮಸೂರ ಮಾತ್ರ ಬದಲಿಸಿಕೊಳ್ಳಿ. ಮೋಸವಾದರೆ ಬಿಲ್ಲು ಹಿಡಿದು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು.

ನೀವೇ ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಕನ್ನಡಕವನ್ನು ತೋಳಳತೆಯಲ್ಲಿ ಹಿಡಿದು ಕಿಟಕಿಯ ಸರಳನ್ನು ಅದರ ಮೂಲಕ ನೋಡಿ. ಮೆಲ್ಲನೆ ಎಡಬಲಕ್ಕೆ ಸರಿಸಿ. ಸರಳು ಮಸೂರದ ಜೊತೆಗೇ ಸರಿದರೆ ಮೈನಸ್, ಎದುರು ದಿಕ್ಕಿಗೆ ಸರಿದರೆ ಪ್ಲಸ್. ಗಾಲಿಯಂತೆ ತಿರುಗಿಸಿದಾಗ ಸರಳು ಓರೆಯಾದಂತೆ ಕಂಡರೆ ಅದರಲ್ಲಿ ಸಿಲಿಂಡರ್ ಇದೆ. ಚೀಟಿಯೊಂದಿಗೆ ತಾಳೆ ನೋಡಿ.

ಕೊಳ್ಳಲು ಆಗದಿದ್ದರೆ?

ಭಾರತದಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲೇ ಆರಂಭವಾಯಿತು. ಶಾಲಾ ಮಕ್ಕಳ ಕಣ್ಣಿನ ತಪಾಸಣೆ ಮತ್ತು ಬಡ ಮಕ್ಕಳಿಗೆ ಉಚಿತ ಕನ್ನಡಕ ಅದರ ಭಾಗ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬಂದಾಗ ದೃಷ್ಟಿಯನ್ನೂ ನೋಡುತ್ತವೆ. ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಲ್ಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಬಗ್ಗೆ ವಿಚಾರಿಸಿ. ನಿಮ್ಮ ಮುಖ್ಯೋಪಾಧ್ಯಾಯರನ್ನು ಕೇಳಿ. ಕೇಳದಿದ್ದರೆ ತಂಡ ಬಂದ ದಿನ ನೀವು ರಜೆಯಲ್ಲಿರುತ್ತೀರಿ, ಸಂಗತಿ ಅಲ್ಲಿಗೆ ಮುಗಿಯುತ್ತದೆ.

ಮನೆಯ ಹಿರಿಯರನ್ನೂ ಮರೆಯಬೇಡಿ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಸುಮಾರು 750 ಕಾರ್ಮಿಕರ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಹತ್ತಿರದ ನೋಟದ ಕನ್ನಡಕ ಪಡೆದವರ ಎಲೆ ಕೊಯ್ಲು, ಪಡೆಯದವರಿಗಿಂತ ಶೇ. 21ಕ್ಕೂ ಹೆಚ್ಚು ಮೇಲೇರಿತು. ನಮ್ಮ ಜಿಲ್ಲೆಯಲ್ಲಿ ರೇಷ್ಮೆ ನೂಲು ತೆಗೆಯುವ ತಾಯಂದಿರು, ಹೂ ಕಟ್ಟುವ ಅಜ್ಜಿಯರು, ಅಕ್ಕಿಯಲ್ಲಿ ಕಲ್ಲು ಆರಿಸುವ ಅತ್ತೆಯರು ಇದೇ ಕಷ್ಟದಲ್ಲಿದ್ದಾರೆ. ಒಮ್ಮೆ ಕಣ್ಣಿನ ಆರೋಗ್ಯ ಪರೀಕ್ಷಿಸಿಕೊಂಡ ಮೇಲೆ ಅವರಿಗೆ ಬೇಕಾದ ಚಾಳೀಸಿನ ಕನ್ನಡಕ ಸಿದ್ಧವಾಗಿಯೇ ಕಡಿಮೆ ಬೆಲೆಗೆ ಸಿಗುತ್ತದೆ.

ಜರ್ಮನಿಯ ಮಾರ್ಟಿನ್ ಔಫ್‌ಮೂತ್ ಎಂಬ ಶಾಲಾ ಅಧ್ಯಾಪಕರು ಉಕ್ಕಿನ ತಂತಿಯನ್ನು ಬಾಗಿಸಿ ಫ್ರೇಮು ಮಾಡುವ ಕೈಯಂತ್ರ ರೂಪಿಸಿ, ಸಿದ್ಧ ಮಸೂರ ಕೂರಿಸಿ, ಸುಮಾರು ಒಂದು ಡಾಲರಿನ ಸಾಮಗ್ರಿಯಲ್ಲಿ ಕನ್ನಡಕ ತಯಾರಿಸಿ ತೋರಿಸಿದ್ದಾರೆ. ಕನ್ನಡಕವೆಂಬ ವಸ್ತು ದುಬಾರಿಯಲ್ಲ. ಅದರ ಸುತ್ತ ಸೇರಿಕೊಂಡದ್ದು ದುಬಾರಿ. ಪರೀಕ್ಷೆಗೆ, ಸರಿಯಾದ ಮಸೂರಕ್ಕೆ, ಒಳ್ಳೆಯ ಜೋಡಣೆಗೆ ಕೊಟ್ಟ ಹಣ ಸಾರ್ಥಕ. ಹೆಸರಿಗೆ ಕೊಡುವುದು ನಿಮ್ಮ ಇಷ್ಟ.

ನಾಳೆ ತರಗತಿಯಲ್ಲಿ ಒಂದು ಕೆಲಸ ಮಾಡಿ. ಕೊನೆಯ ಬೆಂಚಿನಲ್ಲಿ ಕುಳಿತು, ಅಂಗೈಯಿಂದ ಒಂದು ಕಣ್ಣನ್ನು ಒತ್ತದೆ ಮುಚ್ಚಿ, ಹಲಗೆಯ ಮೇಲಿನ ಅಕ್ಷರ ಓದಿ. ಆಮೇಲೆ ಇನ್ನೊಂದು ಕಣ್ಣು. ಎರಡೂ ಒಂದೇ ಸಮ ಕಾಣದಿದ್ದರೆ ಮನೆಯಲ್ಲಿ ಅಂದೇ ಹೇಳಿ. ನಿಮಗೆ ಚೆನ್ನಾಗಿ ಕಂಡರೆ, ನಿಮ್ಮ ಪುಸ್ತಕ ನೋಡಿ ಬರೆಯುವ ಆ ಗೆಳೆಯನನ್ನು ಕರೆದು ಓದಿಸಿ.