ಕೇಪಿನ ಕೋವಿಯಿಂದ ತೋಟಾದವರೆಗೆ

(ಕೊಳ್ಳೇಗಾಲದಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರಿಗೆ ಕೋವಿಯ ಕಥೆ ಹೇಳಲು ಹೊರಡುವುದು ಕಾವೇರಿ ದಡದವರಿಗೆ ಈಜು ಕಲಿಸಲು ಹೋದ ಹಾಗೆ. ಕಾಡಂಚಿನ ಹೊಲ, ರಾತ್ರಿ ಕಾವಲಿನ ಅಟ್ಟಣೆ, ಹಂದಿಯ ಕಾಟ, ಆನೆಯ ಕಾಟ ಇವೆಲ್ಲ ನಿಮಗೆ ಚೆನ್ನಾಗಿ ಗೊತ್ತು. ಆದರೆ ನಾವು ಮಾತನಾಡುವುದೆಲ್ಲ ಕೋವಿಯನ್ನು ಕುರಿತು. ಅದರೊಳಗಿನ ಗುಂಡನ್ನು ಕುರಿತು ಯಾರೂ ಯೋಚಿಸುವುದಿಲ್ಲ. ಕೋವಿ ಎಂಬುದು ಬರಿಯ ಕೊಳವೆ. ಕೆಲಸ ಮಾಡುವುದು ಗುಂಡು. ಅದರ ತೂಕ, ಆಕಾರ, ಲೋಹ ಹೀಗೇಕಿವೆ ಎಂದು ಕೇಳುತ್ತಾ ಹೋದರೆ ವಿಜ್ಞಾನದ ಜೊತೆಗೆ ಕಾನೂನು, ಸಾಮ್ರಾಜ್ಯ, ಭಯ, ಕರುಣೆ ಎಲ್ಲವೂ ಎದುರಾಗುತ್ತವೆ.

1807ರಿಂದ ಶುರು ಮಾಡೋಣ. ದಿವಾನ್ ಪೂರ್ಣಯ್ಯನವರಿಗೆ ಯಳಂದೂರು ಜಹಗೀರಾಗಿ ದೊರೆತದ್ದು ಆ ವರ್ಷ. ಅದೇ ವರ್ಷ ದೂರದ ಸ್ಕಾಟ್ಲೆಂಡಿನಲ್ಲಿ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿ ಒಂದು ಪೇಟೆಂಟ್ ಪಡೆದ. ಆತನಿಗೆ ಹಕ್ಕಿ ಬೇಟೆಯ ಹುಚ್ಚು. ಆ ಕಾಲದ ಕೋವಿಯಲ್ಲಿ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಬೇಕು, ಆ ಕಿಡಿ ಹೊರಗಿನ ಪುಟ್ಟ ಬಟ್ಟಲಿನ ಮದ್ದಿಗೆ ತಾಗಬೇಕು, ಅಲ್ಲಿಂದ ಬೆಂಕಿ ಒಳಕ್ಕೆ ಹೋಗಬೇಕು. ಬಟ್ಟಲಿನ ಮದ್ದು ಭಗ್ಗೆಂದು ಉರಿಯುವುದನ್ನು ಕಂಡು ಹಕ್ಕಿಗಳು ಗುಂಡು ಬರುವ ಮೊದಲೇ ಹಾರಿಹೋಗುತ್ತಿದ್ದವು. ಪೆಟ್ಟು ಬಿದ್ದೊಡನೆ ತಾನೇ ಸಿಡಿಯುವ ರಾಸಾಯನಿಕವನ್ನು ಬಳಸಿ ಫೋರ್ಸಿತ್ ಈ ತೊಂದರೆ ಕಳೆದ. ಮುಂದೆ ಆ ರಾಸಾಯನಿಕವನ್ನು ತಾಮ್ರದ ಪುಟ್ಟ ಟೋಪಿಯೊಳಗೆ ತುಂಬಿದರು. ಅದೇ ನಮ್ಮವರು ಹೇಳುವ 'ಕೇಪು'. ಹಕ್ಕಿ ಹೊಡೆಯಲು ಹುಟ್ಟಿದ ಉಪಾಯ ಕೆಲವೇ ದಶಕಗಳಲ್ಲಿ ಸೈನ್ಯಗಳ ಕೈ ಸೇರಿತು.

ಕೇಪಿನ ಕೋವಿಗೆ ಎಲ್ಲವನ್ನೂ ಬಾಯಿಂದಲೇ ತುಂಬಬೇಕು. ಮೊದಲು ಮದ್ದು, ಅದರ ಮೇಲೆ ನಾರು ಅಥವಾ ಬಟ್ಟೆ, ಆಮೇಲೆ ಚರೆಯೋ ಗುಂಡೋ, ಮತ್ತೆ ಬಟ್ಟೆ. ಪ್ರತಿಯೊಂದನ್ನೂ ಸರಳಿನಿಂದ ಗಿಡಿಯಬೇಕು. ಮಳೆ ಬಂದರೆ ಮದ್ದು ತೋಯುತ್ತದೆ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕಪ್ಪು ಮದ್ದು ಸುಟ್ಟಾಗ ಅದರ ಅರ್ಧಕ್ಕೂ ಹೆಚ್ಚು ಪಾಲು ಅನಿಲವಾಗದೆ ಹೊಗೆಯೂ ಮಸಿಯೂ ಆಗಿ ಉಳಿಯುತ್ತದೆ. ಹೊಡೆದವನಿಗೆ ಮುಂದೇನಾಯಿತೆಂಬುದು ಕಾಣುವುದೇ ಇಲ್ಲ.

ತೋಟಾ ಈ ನಾಲ್ಕನ್ನೂ ಒಂದುಗೂಡಿಸಿತು: ಕೇಪು, ಮದ್ದು, ಗುಂಡು, ಇವನ್ನು ಹಿಡಿದಿಡುವ ಕವಚ. ನೋಡಲು ಕವಚ ಬರಿಯ ಡಬ್ಬಿ. ನಿಜವಾದ ಜಾಣತನ ಇರುವುದು ಅದರಲ್ಲೇ. ಮದ್ದು ಸಿಡಿದಾಗ ಹಿತ್ತಾಳೆಯ ಕವಚ ಕ್ಷಣಮಾತ್ರ ಉಬ್ಬಿ ನಳಿಗೆಯ ಗೋಡೆಗೆ ಒತ್ತಿಕೊಳ್ಳುತ್ತದೆ. ಬೆಂಕಿ ಹಿಂದಕ್ಕೆ ನುಗ್ಗಿ ಹೊಡೆದವನ ಮುಖ ಸುಡದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ತುಸು ಕುಗ್ಗಿ ಸಲೀಸಾಗಿ ಹೊರಬರುತ್ತದೆ. ಉಬ್ಬಿ ಮತ್ತೆ ಕುಗ್ಗುವ ಗುಣ ಹಿತ್ತಾಳೆಗೆ ಇರುವುದರಿಂದಲೇ ಇಂದಿಗೂ ಅದಕ್ಕೆ ಈ ಕೆಲಸ.

ಹನ್ನೆರಡು ನಂಬರಿನ ಕೋವಿ ಎಂದರೇನು ಎಂದು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಒಂದು ಪೌಂಡು ಸೀಸದಲ್ಲಿ ಒಂದೇ ಅಳತೆಯ 12 ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪವೋ ಆ ನಳಿಗೆಯ ಒಳ ಅಗಲ ಅಷ್ಟು. ಉಂಡೆಯ ತೂಕ ಸುಮಾರು 38 ಗ್ರಾಂ. ಹಾಗಾಗಿ ನಂಬರು ಕಡಿಮೆಯಾದಷ್ಟೂ ಗುಂಡು ದೊಡ್ಡದು. ಜಿ.ಪಿ. ಸ್ಯಾಂಡರ್‌ಸನ್ ಚಾಮರಾಜನಗರದ ಸೀಮೆಯಲ್ಲಿ ಆನೆಗಳನ್ನು ಖೆಡ್ಡಾಕ್ಕೆ ಕೆಡವಿದ 1870ರ ದಶಕದಲ್ಲಿ ಆನೆ ಬೇಟೆಗಾರರು 8 ಮತ್ತು 4 ನಂಬರಿನ ಕೋವಿಗಳನ್ನು ಬಳಸುತ್ತಿದ್ದರು. 4 ನಂಬರಿನ ಒಂದು ಗುಂಡು ಸುಮಾರು 113 ಗ್ರಾಂ! ಅಷ್ಟಾದರೂ ಮೆತ್ತನೆಯ ಸೀಸ ಆನೆಯ ತಲೆಬುರುಡೆಗೆ ಬಡಿದು ಚಪ್ಪಟೆಯಾಗಬಹುದು. ಅದಕ್ಕಾಗಿ ಸೀಸಕ್ಕೆ ತವರದಂಥ ಲೋಹ ಬೆರೆಸಿ ಗಟ್ಟಿ ಮಾಡುತ್ತಿದ್ದರು.

1884ರಲ್ಲಿ ಫ್ರಾನ್ಸಿನಲ್ಲಿ ಹೊಗೆಯಿಲ್ಲದ ಮದ್ದು ಬಂದ ಮೇಲೆ ಎಲ್ಲ ಲೆಕ್ಕಾಚಾರವೂ ಬದಲಾಯಿತು. ಗುಂಡಿನ ವೇಗ ಏರಿತು. ಆ ವೇಗಕ್ಕೆ ಬರಿ ಸೀಸ ನಳಿಗೆಯ ಒಳಗೀರುಗಳಿಗೆ ಮೆತ್ತಿಕೊಳ್ಳತೊಡಗಿತು. ಆದ್ದರಿಂದ ಗುಂಡಿಗೆ ತಾಮ್ರ ಬೆರೆತ ಗಟ್ಟಿ ಲೋಹದ ಅಂಗಿ ತೊಡಿಸಿದರು. ಗುಂಡು ಸಣ್ಣದಾಯಿತು, ವೇಗವಾಯಿತು, ದೂರ ಹೋಯಿತು. ಆದರೆ ಮೈಯೊಳಗೆ ನೇರ ತೂರಿ ಹೊರಬರುತ್ತಿತ್ತು. ವಾಯವ್ಯ ಗಡಿಯಲ್ಲಿ ಹೋರಾಡುತ್ತಿದ್ದ ಬ್ರಿಟಿಷ್ ಸೈನ್ಯಕ್ಕೆ ಇದು ಹಿಡಿಸಲಿಲ್ಲ. ಗುಂಡು ತಗುಲಿದವರು ಬೀಳದೆ ಮುನ್ನುಗ್ಗುತ್ತಾರೆ ಎಂಬ ದೂರು. ಆಗ ಕಲ್ಕತ್ತೆಯ ಬಳಿಯ ಡಮ್‌ಡಮ್ ಕಾರ್ಖಾನೆಯಲ್ಲಿ ಗುಂಡಿನ ಮೂತಿಯಷ್ಟನ್ನು ಅಂಗಿಯಿಲ್ಲದೆ ಬಿಟ್ಟರು. ಅದು ಮೈಗೆ ತಗುಲಿದೊಡನೆ ಅಣಬೆಯ ಹಾಗೆ ಅರಳಿ ಭೀಕರ ಗಾಯ ಮಾಡುತ್ತಿತ್ತು. 1899ರ ಹೇಗ್ ಘೋಷಣೆ ಇಂಥ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು ಸಾರಿತು. ಬ್ರಿಟನ್ ಅದನ್ನು ಒಪ್ಪಿದ್ದು 1907ರಲ್ಲಿ.

ಇಲ್ಲೊಂದು ವಿಚಿತ್ರ ನೋಡಿ. ಮನುಷ್ಯನ ಮೇಲೆ ಹಾರಿಸುವುದು ಕ್ರೌರ್ಯ ಎಂದು ನಿಷೇಧಿಸಿದ ಅದೇ ಅರಳುವ ಗುಂಡನ್ನು ಬೇಟೆಯಲ್ಲಿ ಕರುಣೆಯ ಗುಂಡೆಂದು ಕರೆದರು. ಪ್ರಾಣಿ ನರಳದೆ ಬೇಗ ಸಾಯಬೇಕಲ್ಲ! ಯುದ್ಧದಲ್ಲಿ ಗಾಯಗೊಂಡವನಿಗೆ ಆಸ್ಪತ್ರೆಯುಂಟು. ಕಾಡಿನಲ್ಲಿ ಗಾಯಗೊಂಡ ಜೀವಕ್ಕೆ ಯಾರುಂಟು? ಒಂದೇ ಲೋಹದ ತುಣುಕು ಎದುರಿಗಿರುವವರು ಯಾರೆಂಬುದರ ಮೇಲೆ ಕ್ರೂರವೂ ದಯಾಮಯವೂ ಆಗುತ್ತದೆ.

ಸರ್ಕಾರದ ಭಯವೂ ಗುಂಡಿನ ಅಳತೆಯನ್ನು ನಿರ್ಧರಿಸಿದೆ. ಬೇಟೆಗಾರರ .450 ಅಳತೆಯ ಗುಂಡುಗಳು ಹಳೆಯ ಸೈನಿಕ ಬಂದೂಕುಗಳಿಗೆ ಹೊಂದಿಕೊಂಡು ದಂಗೆಕೋರರ ಕೈ ಸೇರಿಯಾವೆಂದು 1907ರಲ್ಲಿ ಭಾರತದಲ್ಲಿ ಆ ಅಳತೆಯನ್ನೇ ನಿಷೇಧಿಸಿದರು. ಇಂಗ್ಲೆಂಡಿನ ಕೋವಿ ತಯಾರಕರು ಸುಮ್ಮನಿರಲಿಲ್ಲ; .470 ಮೊದಲಾದ ಹೊಸ ಅಳತೆಗಳನ್ನು ಮಾಡಿದರು. ಸೈನ್ಯದ .303 ಕೂಡ ಸಾಮಾನ್ಯರ ಕೈಗೆ ಸಿಗುವಂತಿರಲಿಲ್ಲ. ಕೆನೆತ್ ಆಂಡರ್‌ಸನ್ ನೆಚ್ಚಿಕೊಂಡಿದ್ದದ್ದು ಅಮೆರಿಕದ .405 ವಿಂಚೆಸ್ಟರ್ ರೈಫಲನ್ನು.

ಇನ್ನು ನಿಮ್ಮ ಊರಿನ ಮಾತು. ನಾಡಕೋವಿಯನ್ನು ಕುಲುಮೆಯಲ್ಲಿ ಮಾಡಬಹುದು, ಸೀಸದ ಗುಂಡನ್ನು ಒಲೆಯಲ್ಲಿ ಎರಕ ಹೊಯ್ಯಬಹುದು. ರೈಫಲಿನ ತೋಟಾ ಮಾತ್ರ ಕಾರ್ಖಾನೆಯಲ್ಲೇ ಆಗಬೇಕು. ವೀರಪ್ಪನ್ ಕಥೆಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ರೈಫಲು, ತೋಟಾಗಳಿಗಾಗಿ ಕಾಡಿನ ದರೋಡೆಕೋರನೂ ಸರ್ಕಾರದ ಉಗ್ರಾಣದ ಕಡೆಗೇ ನೋಡಬೇಕಾಯಿತು. 1992ರ ಮೇ ತಿಂಗಳಲ್ಲಿ ಅವನ ತಂಡ ರಾಮಾಪುರ ಪೊಲೀಸ್ ಠಾಣೆಗೆ ನುಗ್ಗಿ ಐವರು ಪೊಲೀಸರನ್ನು ಕೊಂದು ಶಸ್ತ್ರಗಳನ್ನು ಹೊತ್ತೊಯ್ದಿತು. ಅದೇ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್ಪಿ ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತು ಸಂಗಡಿಗರು ಹೊಂಚುದಾಳಿಗೆ ಬಲಿಯಾದರು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತ. ಆದರೆ ಹನೂರಿನ ಹಳ್ಳಿಗಳು ಎರಡೂ ಕಡೆಯ ಕೋವಿಗಳ ನಡುವೆ ಸಿಕ್ಕಿ ಅನುಭವಿಸಿದ್ದು ಅಷ್ಟು ಬೇಗ ಮರೆಯುವಂಥದ್ದಲ್ಲ.

ಈಗ ಏನು ಉಳಿದಿದೆ? 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆ ಅಪರಾಧವಾಯಿತು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು, ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿ ಧಾಮವಾಯಿತು. ಆದರೆ ಬೆಳೆ ಕಳೆದುಕೊಂಡ ರೈತನ ಸಿಟ್ಟು ಕಾಯ್ದೆಯಿಂದ ಆರುವುದಿಲ್ಲ. ಕೋವಿಯ ಜಾಗದಲ್ಲಿ ಅದಕ್ಕಿಂತ ಕುರುಡಾದ ಸಾಧನಗಳು ಬಂದಿವೆ. ಹಂದಿಗೆಂದು ತಿನಿಸಿನಲ್ಲಿ ಅಡಗಿಸಿಟ್ಟ ಸಿಡಿಮದ್ದು ಮೇಯಲು ಹೋದ ಹಸುವಿನ ದವಡೆಯನ್ನೂ ಒಡೆಯುತ್ತದೆ, ಆನೆಯ ಬಾಯನ್ನೂ ಸೀಳುತ್ತದೆ. 400 ಗ್ರಾಂಗಿಂತ ಹಗುರವಾದ ಸಿಡಿಗುಂಡನ್ನು ಸೈನಿಕರ ಮೇಲೆ ಹಾರಿಸಬಾರದೆಂದು 1868ರಲ್ಲೇ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಾಷ್ಟ್ರಗಳು ಒಪ್ಪಿದ್ದವು. ಅಂಥದ್ದನ್ನು ನಾವು ಮೂಕಪ್ರಾಣಿಯ ಬಾಯಿಗೆ ಇಡುತ್ತಿದ್ದೇವೆ. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ ಮತ್ತು ನಾಲ್ಕು ಮರಿಗಳು ಸತ್ತದ್ದು ಒಂದೇ ಒಂದು ಗುಂಡೂ ಇಲ್ಲದೆ, ಹಸುವಿನ ಕಳೇಬರಕ್ಕೆ ಬೆರೆಸಿದ ವಿಷದಿಂದ.

ಬೆಳೆ ಹಾನಿಗೆ ಪರಿಹಾರ ಹೊತ್ತಿಗೆ ಸರಿಯಾಗಿ ಬಂದರೆ, ದನ ಸತ್ತ ದಿನವೇ ಯಾರಾದರೂ ಬಂದು ವಿಚಾರಿಸಿದರೆ, ವಿಷದ ಬಾಟಲಿಗೂ ಸಿಡಿಮದ್ದಿಗೂ ಕೈ ಹಾಕುವ ಮುನ್ನ ಮನುಷ್ಯ ಒಂದು ಗಳಿಗೆ ನಿಲ್ಲುತ್ತಾನೆ. ಇನ್ನೂರು ವರ್ಷ ಗುಂಡನ್ನು ತಿದ್ದಿದವರು ಅದು ಎಲ್ಲಿಗೆ ಹೋಗಿ ಏನು ಮಾಡುತ್ತದೆ ಎಂದಾದರೂ ಲೆಕ್ಕ ಹಾಕಿದ್ದರು. ಸಿಡಿಮದ್ದು ಇಟ್ಟವನಿಗೆ ಆ ಲೆಕ್ಕವೂ ಇಲ್ಲ. ನೀವು ಓದಿದವರು, ಕಾಡಂಚಿನ ಮನೆಗಳ ಮಕ್ಕಳು. ಆ ಲೆಕ್ಕವನ್ನು ಊರಿಗೆ ಹೇಳಬಲ್ಲವರು ನೀವೇ.