ಸರಸಕ್ಕೆ ಇಬ್ಬರು ಬೇಕು

ಇವತ್ತು ರಾಜಕೀಯ ಇಲ್ಲ. ಯಾರ ರಾಜೀನಾಮೆಯೂ ಇಲ್ಲ, ಯಾರ ಪ್ರಮಾಣವಚನವೂ ಇಲ್ಲ. ಇವತ್ತು ನಾನು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಕಳೆದ ಶನಿವಾರವೇ ಕೊಡಬೇಕಿತ್ತು. ಕೊಡದೆ ತಪ್ಪಿಸಿಕೊಂಡು ಬಂದೆ.

ಮೈಸೂರಿನ ಒಂದು ಕಾಲೇಜಿನವರು ಕರೆದಿದ್ದರು. ಹುಡುಗ ಹುಡುಗಿಯರೇ ಸೇರಿ ಕಟ್ಟಿಕೊಂಡ ಸಿನಿಮಾ ಕ್ಲಬ್ಬು, ಅದರ ಉದ್ಘಾಟನೆ. ‘ಸಾರ್, ದಯವಿಟ್ಟು ಚುನಾವಣೆ ಬಗ್ಗೆ ಮಾತಾಡಬೇಡಿ, ರೊಮ್ಯಾಂಟಿಕ್ ಕಾಮಿಡಿ ಬಗ್ಗೆ ಮಾತಾಡಿ, ಯಾವುದು ನೋಡಬೇಕು, ಯಾವುದು ಬಿಡಬೇಕು ಹೇಳಿ’ ಅಂದರು. ನನಗೂ ಖುಷಿಯಾಯ್ತು. ನಾನು ಓದಿದ ಊರು ಅದು. ಸಿನಿಮಾ ನೋಡೋದು ಕಲಿತ ಊರೂ ಅದೇ. ಶಾಂತಲಾ ಟಾಕೀಸಿನ ಕ್ಯೂನಲ್ಲಿ ನಿಂತು ಅಂಗಿ ಹರಿದುಕೊಂಡವನು ನಾನು. ಇವತ್ತು ಆ ಟಾಕೀಸೂ ಇಲ್ಲ, ಆ ಕ್ಯೂವೂ ಇಲ್ಲ.

ಒಂದು ಗಂಟೆ ಮಾತಾಡಿದೆ. ಚಪ್ಪಾಳೆ ಬಿತ್ತು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಮೈಕ್ ತಗೊಂಡು ಒಂದೇ ಸಾಲು ಕೇಳಿದಳು: ‘ಸಾರ್, ನೀವು ಯಾವತ್ತಾದ್ರೂ ಯಾವುದಾದ್ರೂ ಹುಡುಗಿ ಹಿಂದೆ ಹೋಗಿದ್ರಾ?’

ನಾನು ಏನು ಮಾಡಿದೆ ಗೊತ್ತಾ? ಜೋಕ್ ಹೊಡೆದೆ. ‘ಹೋಗಿದ್ದೆನಮ್ಮಾ, ಅವಳ ಸೈಕಲ್ ಫಾಸ್ಟಾಗಿತ್ತು’ ಅಂದೆ. ಇಡೀ ಸಭಾಂಗಣ ನಕ್ಕಿತು. ಆ ಹುಡುಗಿ ನಗಲಿಲ್ಲ. ಸುಮ್ಮನೆ ಕೂತುಕೊಂಡಳು. ಕಾರು ಶ್ರೀರಂಗಪಟ್ಟಣ ದಾಟಿದರೂ ಆ ನಗದ ಮುಖ ನನ್ನ ಕಣ್ಣಿಂದ ಹೋಗಲಿಲ್ಲ.

ಉತ್ತರಕ್ಕೆ ಬರ್ತೀನಿ. ಅದಕ್ಕೂ ಮೊದಲು, ಅವತ್ತು ನಾನು ಆ ಮಕ್ಕಳಿಗೆ ಏನು ಹೇಳಿದೆ ಅನ್ನೋದನ್ನ ನಿಮಗೂ ಹೇಳಬೇಕು. ಯಾಕಂದ್ರೆ ಉತ್ತರ ಇರೋದು ಅದರೊಳಗೇನೇ.

ರೊಮ್ಯಾಂಟಿಕ್ ಕಾಮಿಡಿ ಅನ್ನೋದು ಇಂಗ್ಲಿಷಿನವರ ಪದ. ಆದರೆ ಪದಾರ್ಥ ನಮ್ಮಲ್ಲಿ ಮೊದಲಿಂದಲೂ ಇದೆ. ಅದರ ಹೆಸರು ಸರಸ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಬಂದಿದ್ದು 1942ರಲ್ಲಿ. ಗಂಡ ಹೆಂಡತಿಯನ್ನ ಛೇಡಿಸ್ತಾನೆ, ಹೆಂಡತಿ ಗಂಡನನ್ನ ಛೇಡಿಸ್ತಾಳೆ. ಎಂಬತ್ತು ವರ್ಷ ದಾಟಿದರೂ ಆ ಪುಸ್ತಕ ಬಾಡಿಲ್ಲ. ಯಾಕೆ? ಅಲ್ಲಿ ಮಾತು ಎರಡೂ ಕಡೆಯಿಂದ ಹೋಗಿ ಬರುತ್ತೆ. ಸರಸಕ್ಕೆ ಇಬ್ಬರು ಬೇಕು ಸ್ವಾಮಿ. ಒಬ್ಬನೇ ಆಡಿದರೆ ಅದಕ್ಕೆ ಸರಸ ಅನ್ನಲ್ಲ, ಕಾಟ ಅಂತಾರೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಸಿನಿಮಾ ಅಳೆಯೋಕೆ ನನ್ನ ಹತ್ತಿರ ಇರೋ ಅಳತೆಗೋಲು ಇದೊಂದೇ. ಇದು ಸರಸವೋ, ಕಾಟವೋ?

ಈಗ ನಮ್ಮ ಸಿನಿಮಾಗಳಿಗೆ ಬನ್ನಿ. ಕನ್ನಡದಲ್ಲಿ ಪ್ರೇಮಕ್ಕೂ ಬರವಿಲ್ಲ, ಹಾಸ್ಯಕ್ಕೂ ಬರವಿಲ್ಲ. ನರಸಿಂಹರಾಜು, ಬಾಲಕೃಷ್ಣ, ದ್ವಾರಕೀಶ್ ಅವರಿಂದ ಹಿಡಿದು ದೊಡ್ಡಣ್ಣ, ಸಾಧು ಕೋಕಿಲವರೆಗೆ ಎಂಥೆಂಥ ಹಾಸ್ಯನಟರು! ಆದರೆ ನಾವು ಮಾಡಿಕೊಂಡ ಏರ್ಪಾಡು ನೋಡಿ: ನಾಯಕ ನಾಯಕಿ ಪ್ರೀತಿ ಮಾಡಬೇಕು, ನಗಿಸೋಕೆ ಬೇರೆಯವರು ಬರಬೇಕು. ಪ್ರೀತಿಯದ್ದು ಒಂದು ಟ್ರ್ಯಾಕು, ಕಾಮಿಡಿಯದ್ದು ಇನ್ನೊಂದು ಟ್ರ್ಯಾಕು, ರೈಲು ಹಳಿ ಇದ್ದ ಹಾಗೆ. ನಾಯಕಿಗಂತೂ ಜೋಕ್ ಹೇಳೋ ಹಕ್ಕೇ ಇಲ್ಲ. ಅವಳು ಚೆನ್ನಾಗಿ ಕಾಣಬೇಕು, ಕೋಪ ಮಾಡಿಕೊಳ್ಳಬೇಕು, ಆಮೇಲೆ ಒಪ್ಪಬೇಕು. ನಗಿಸಬಲ್ಲ ಹೆಣ್ಣಿಗೆ ಏನು ಕೊಟ್ಟೆವು? ಉಮಾಶ್ರೀಯವರಂಥ ಕಲಾವಿದೆಗೆ ವರ್ಷಗಟ್ಟಲೆ ದ್ವಂದ್ವಾರ್ಥದ ಸಂಭಾಷಣೆ ಕೊಟ್ಟೆವು. ‘ಗುಲಾಬಿ ಟಾಕೀಸ್’ ಚಿತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಮೇಲೆ, ಅಯ್ಯೋ ಇಂಥ ನಟಿ ನಮ್ಮಲ್ಲೇ ಇದ್ದರಲ್ಲ ಅಂತ ಬೆರಗಾದೆವು.

ಹಾಗಾಗಿ ಪ್ರೇಮಿಗಳೇ ಪರಸ್ಪರ ನಗಿಸೋ ಸಿನಿಮಾ ಕನ್ನಡದಲ್ಲಿ ಕಡಿಮೆ. ಕಡಿಮೆ ಇರೋದರಿಂದಲೇ ಹುಡುಕಿ ನೋಡಬೇಕು.

ಮೊದಲನೇದು, ಕಣ್ಣು ಮುಚ್ಚಿ ಹೇಳ್ತೀನಿ, ‘ಗಣೇಶನ ಮದುವೆ’. 1990. ಫಣಿ ರಾಮಚಂದ್ರ ನಿರ್ದೇಶನ, ಅನಂತ್ ನಾಗ್, ವಿನಯಾ ಪ್ರಸಾದ್. ಒಂದು ವಠಾರ. ಅಲ್ಲಿ ಅವನಿಗೂ ಅವಳಿಗೂ ಎದುರು ಬದುರಾದರೆ ಜಗಳ. ಅವಳು ಬೇರೆ ಹೆಸರಿನಲ್ಲಿ ಹಾಡ್ತಾಳೆ. ಅವನು ಆ ದನಿಗೆ ಮರುಳಾಗಿ, ತಾನೂ ಬೇರೆ ಹೆಸರಿನಲ್ಲಿ ಕಾಗದ ಬರೀತಾನೆ. ಅಂಚೆಯಲ್ಲಿ ಪ್ರೀತಿ, ಅಂಗಳದಲ್ಲಿ ಯುದ್ಧ. ಇಬ್ಬರಿಗೂ ಗೊತ್ತಿಲ್ಲ, ನಮಗೆ ಮಾತ್ರ ಗೊತ್ತು. ಇದೇ ಎಳೆ ಹಾಲಿವುಡ್‌ನಲ್ಲಿ 1940ರ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ ಚಿತ್ರದಲ್ಲಿತ್ತು. 1998ರಲ್ಲಿ ಅವರು ಅದನ್ನೇ ‘ಯು ಹ್ಯಾವ್ ಗಾಟ್ ಮೇಲ್’ ಅಂತ ಈಮೇಲ್ ಕಾಲಕ್ಕೆ ತಂದರು. ಅದಕ್ಕಿಂತ ಎಂಟು ವರ್ಷ ಮುಂಚೆಯೇ ನಮ್ಮ ವಠಾರದಲ್ಲಿ ಅದು ನಡೆದುಹೋಗಿತ್ತು. ಆ ಸಿನಿಮಾದಲ್ಲಿ ಗಮನಿಸಿ: ಜಗಳದಲ್ಲಿ ಹುಡುಗಿಗೂ ಸಮಪಾಲು ಇದೆ. ಅವನು ಒಂದಂದರೆ ಅವಳು ಎರಡಂತಾಳೆ. ಸರಸ ಅಂದರೆ ಇದು.

ಎರಡನೇದು, ‘ಸಿಂಪಲ್ಲಾಗ್ ಒಂದ್ ಲವ್ ಸ್ಟೋರಿ’, 2013, ಸುನಿ ನಿರ್ದೇಶನ. ರಕ್ಷಿತ್ ಶೆಟ್ಟಿ, ಶ್ವೇತಾ ಶ್ರೀವಾತ್ಸವ್. ಮಳೆ, ಒಂದು ಮನೆ, ಇಬ್ಬರು, ಮಾತೋ ಮಾತು. ಕೆಲವು ಮಾತು ಅಜ್ಜಿ ಪಕ್ಕ ಕೂತು ಕೇಳೋ ಹಾಗಿಲ್ಲ, ಮೊದಲೇ ಹೇಳಿಬಿಡ್ತೀನಿ. ಆದರೆ ಅಲ್ಲಿ ಹುಡುಗಿ ಬಾಯಿ ಮುಚ್ಚಿಕೊಂಡು ಕೂರೋದಿಲ್ಲ. ಅವನ ಕಾಲು ಎಳೀತಾಳೆ, ಅವನನ್ನೇ ಪೇಚಿಗೆ ಸಿಕ್ಕಿಸ್ತಾಳೆ. ನೋಡಿ.

ಮೂರನೇದು, ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’, 2017. ಮಂಗಳೂರಿನ ಕನ್ನಡ ಮೇಷ್ಟ್ರು, ತಲೆ ಬೋಳು, ಮದುವೆ ಆಗ್ತಿಲ್ಲ. ನನ್ನ ತಲೆ ನೋಡಿ ಹುಡುಗಿಯರು ಒಲ್ಲೆ ಅಂತಾರಲ್ಲ ಅಂತ ಕೊರಗೋ ಮನುಷ್ಯ, ತಾನೂ ಹುಡುಗಿಯನ್ನ ಅಳೆಯೋದು ಅಂದಚೆಂದದಿಂದಲೇ. ಸಿನಿಮಾ ಅವನಿಗೆ ಕನ್ನಡಿ ಹಿಡಿಯುತ್ತೆ. ಗಂಡಸು ತನ್ನನ್ನ ನೋಡಿ ತಾನೇ ನಗೋದು ಕಲಿಯೋ ಸಿನಿಮಾ. ಇದನ್ನ ಮದುವೆಗೆ ಮುಂಚೆ ಎಲ್ಲಾ ಹುಡುಗರಿಗೂ ಕಡ್ಡಾಯ ಮಾಡಬೇಕು.

ಹಾಗಾದ್ರೆ ‘ಮುಂಗಾರು ಮಳೆ’? ಹುಡುಗರು ಕೂಗಿದರು. ನೋಡಿ, ಖಂಡಿತಾ ನೋಡಿ, ಆದರೆ ಜಗಳ ಆಡ್ತಾ ನೋಡಿ. 2006ರ ಡಿಸೆಂಬರ್ ಕೊನೆಗೆ ಬಂದ ಸಿನಿಮಾ, ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಒಂದು ವರ್ಷಕ್ಕೂ ಮೀರಿ ಓಡಿತು. ಗಣೇಶ್ ಮಾತಿಗೆ ಇಡೀ ರಾಜ್ಯ ಬಿದ್ದುಬಿದ್ದು ನಕ್ಕಿತು, ನಾನೂ ನಕ್ಕೆ. ಆದರೆ ಕಥೆ ನೋಡಿ. ಮದುವೆ ಗೊತ್ತಾಗಿರೋ ನಂದಿನಿ ಮೊದಲು ಬೇಡ ಅಂತಾಳೆ. ಪ್ರೀತಮ್ ಅದನ್ನ ಕೇಳಿಸಿಕೊಳ್ಳೋದಿಲ್ಲ. ಕೊನೆಗೆ ಅವಳಿಗೂ ಪ್ರೀತಿ ಹುಟ್ಟುತ್ತೆ. ಆಗ ಅವನು ತ್ಯಾಗ ಮಾಡಿ ಹೊರಟುಹೋಗ್ತಾನೆ. ಅವಳು ಬೇಡ ಅಂದಾಗಲೂ ತೀರ್ಮಾನ ಅವನದೇ, ಬೇಕು ಅಂದಾಗಲೂ ತೀರ್ಮಾನ ಅವನದೇ. ನಾವು ಅವನಿಗಾಗಿ ಅತ್ತೆವು. ಅವಳನ್ನ ಯಾರಾದ್ರೂ ಕೇಳಿದೆವಾ?

ಇನ್ನು ‘ಹುಡುಗಾಟ’, 2007. ಬಿಟ್ಟರೂ ನಷ್ಟವಿಲ್ಲ. ಅದು ಹಿಂದಿಯ ‘ದಿಲ್ ಹೈ ಕಿ ಮಾನ್ತಾ ನಹೀ’ ಚಿತ್ರದ ಕನ್ನಡ ರೂಪ. ಅದರ ಮುತ್ತಜ್ಜ 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’, ಐದು ಮುಖ್ಯ ಆಸ್ಕರ್ ಗೆದ್ದ ಸಿನಿಮಾ. ಮುತ್ತಜ್ಜನೇ ಇನ್ನೂ ಗಟ್ಟಿಯಾಗಿರುವಾಗ ಮರಿಮಗನ ಹತ್ತಿರ ಯಾಕೆ ಹೋಗ್ತೀರಿ?

ಖಂಡಿತಾ ಬಿಡಬೇಕಾದ್ದು ಯಾವುದು? ಹೆಸರು ಹೇಳೋದು ಬೇಡ, ಗುರುತು ಹೇಳ್ತೀನಿ. ನಾಯಕ ಸ್ನೇಹಿತರ ಜೊತೆ ಬೆಟ್ ಕಟ್ತಾನೆ, ‘ಒಂದು ತಿಂಗಳಲ್ಲಿ ಅವಳನ್ನ ಬೀಳಿಸ್ತೀನಿ’ ಅಂತ. ಬಸ್ ಸ್ಟಾಪಿನಲ್ಲಿ ದಾರಿ ಅಡ್ಡಗಟ್ತಾನೆ. ಹಿನ್ನೆಲೆಯಲ್ಲಿ ತಮಾಷೆ ಸಂಗೀತ. ಅವಳ ಅಪ್ಪ ಮೂರ್ಖ, ಅಣ್ಣ ರೌಡಿ. ಅವಳು ಬೈದರೆ ಇವನ ಗೆಳೆಯ ಅಂತಾನೆ, ‘ಮಗಾ, ಬೈದಳು ಅಂದ್ರೆ ಇಷ್ಟ ಇದೆ ಅಂತ’. ಈ ಒಂದು ಮಾತು ಬಂದ ಕ್ಷಣ ಟಿವಿ ಆರಿಸಿ. ಹಾಡು ಎಷ್ಟೇ ಚೆನ್ನಾಗಿರಲಿ, ಆರಿಸಿ.

‘ಅಯ್ಯೋ, ಸಿನಿಮಾ ಸಿನಿಮಾನೇ ಬಿಡಿ ಸಾರ್’ ಅಂತೀರಾ? 2015ರ ಜನವರಿಯಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಒಂದು ಕೇಸು ನಡೀತು. ಹೆಣ್ಣುಮಕ್ಕಳ ಬೆನ್ನು ಬಿದ್ದಿದ್ದ ಒಬ್ಬ ಭಾರತೀಯ. ಅವನ ಪರ ವಕೀಲರು ಕೋರ್ಟಿನಲ್ಲಿ ಹೇಳಿದ್ದೇನು? ಇವನು ಬಾಲಿವುಡ್ ಸಿನಿಮಾ ನೋಡಿ ಬೆಳೆದವನು, ಬಿಡದೆ ಹಿಂದೆ ಬಿದ್ದರೆ ಹುಡುಗಿ ಒಪ್ತಾಳೆ ಅಂತ ನಂಬಿದವನು ಅಂತ. ಸನ್ನಡತೆಯ ಷರತ್ತಿನ ಮೇಲೆ ಅವನು ಜೈಲು ತಪ್ಪಿಸಿಕೊಂಡ. ನಮ್ಮ ಸಿನಿಮಾ ಪರದೇಶದ ಕೋರ್ಟಿನಲ್ಲಿ ಹೋಗಿ ನಿಂತಿತು, ಕಲೆಯಾಗಿ ಅಲ್ಲ, ನೆಪವಾಗಿ.

ನಮ್ಮ ದೇಶದಲ್ಲಿ ಆ ನೆಪ ನಡೆಯೋದಿಲ್ಲ. ಹುಡುಗಿ ಬೇಡ ಅಂತ ಸ್ಪಷ್ಟವಾಗಿ ಹೇಳಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸೋದು 2013ರಿಂದ ಅಪರಾಧ. ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಜೈಲು, ಮತ್ತೆ ಮಾಡಿದರೆ ಐದು ವರ್ಷದವರೆಗೆ. ಸಿನಿಮಾದ ಮೊದಲರ್ಧದಲ್ಲಿ ನಾಯಕ ಮಾಡೋ ಕೆಲಸ ಅದು!

ಸಿನಿಮಾದವರನ್ನ ಬೈದು ನಾನು ಕೈ ತೊಳೆದುಕೊಳ್ಳೋ ಹಾಗಿಲ್ಲ. ನನ್ನ ಕಸುಬು ಸುದ್ದಿ ಹೇಳೋದು. ‘ಬೇಡ’ ಅಂದದ್ದಕ್ಕೆ ಹುಡುಗಿಗೆ ಚಾಕು ಹಾಕಿದವನ ಸುದ್ದಿ ಬಂದಾಗ ನಮ್ಮ ಪರದೆ ಮೇಲೆ ಏನು ಹಾಕ್ತೀವಿ? ‘ಪಾಗಲ್ ಪ್ರೇಮಿ’. ‘ಭಗ್ನಪ್ರೇಮಿ’. ಕೆಳಗೆ ಒಡೆದ ಹೃದಯದ ಚಿತ್ರ ಬೇರೆ. ಕೊಲೆ ಆರೋಪಿಯನ್ನ ಪ್ರೇಮಿ ಅಂತ ಕರೆದವರು ಸಿನಿಮಾದವರಲ್ಲ, ನಾವು. ನಾನು. ಈ ಬಾಯಲ್ಲೇ ಆ ಪದ ಓದಿದ್ದೀನಿ. ಇನ್ನು ಮೇಲೆ ಈ ಕಾರ್ಯಕ್ರಮದಲ್ಲಿ ಆ ಪದ ಬರೋದಿಲ್ಲ.

ಈಗ ಆ ಹುಡುಗಿಯ ಪ್ರಶ್ನೆ. ಹೌದಮ್ಮಾ, ಹೋಗಿದ್ದೆ.

1991. ಸರಸ್ವತಿಪುರಂನಲ್ಲಿ ನನ್ನ ರೂಮು. ಅದೇ ರಸ್ತೆಯ ಹುಡುಗಿಯೊಬ್ಬಳು ವಾರಕ್ಕೆ ಎರಡು ಸಂಜೆ ಸೈಕಲ್ ಮೇಲೆ ಕೃಷ್ಣಮೂರ್ತಿಪುರಂಗೆ ಸಂಗೀತ ಪಾಠಕ್ಕೆ ಹೋಗ್ತಿದ್ದಳು. ನಾನೂ ಸೈಕಲ್ ತಗೊಂಡು ಹಿಂದೆ ಹೋಗ್ತಿದ್ದೆ. ಮುಟ್ಟಲಿಲ್ಲ, ಕೆಟ್ಟ ಮಾತಾಡಲಿಲ್ಲ. ಸುಮ್ಮನೆ ಹಿಂದೆ. ಪಾಠ ಮುಗಿಯೋವರೆಗೂ ಎದುರಿನ ಅಂಗಡಿ ಹತ್ತಿರ ನಿಲ್ಲೋದು, ಮತ್ತೆ ಹಿಂದೆ. ಒಂದು ದಿನ ತಿರುಗಿ, ‘ಯಾಕ್ರೀ ಬರ್ತೀರಾ, ಬರಬೇಡಿ’ ಅಂದಳು. ಗೆಳೆಯರು ಹೇಳಿದರು, ‘ಮಾತಾಡಿಸಿದಳಲ್ಲೋ, ಆಯ್ತು ಬಿಡು!’ ನಾನು ಎರಡು ತಿಂಗಳು ಮುಂದುವರಿಸಿದೆ. ಆಮೇಲೆ ಅವಳು ಆ ದಾರಿಯಲ್ಲಿ ಕಾಣಲಿಲ್ಲ. ನನಗೆ ಪರೀಕ್ಷೆ ಬಂತು, ಮರೆತೆ. ವರ್ಷಾನುಗಟ್ಟಲೆ ಇದನ್ನ ಗೆಳೆಯರ ಮಧ್ಯೆ ತಮಾಷೆ ಕಥೆಯಾಗಿ ಹೇಳಿಕೊಂಡು ತಿರುಗಿದೆ. ಅವತ್ತು ಸಭೆಯಲ್ಲಿ ಹೊಡೆದ ಜೋಕೂ ಅದೇ.

ಹತ್ತು ವರ್ಷದ ಹಿಂದೆ ಮೈಸೂರಿನಲ್ಲೇ ಒಂದು ಮದುವೆ ಮನೆಯಲ್ಲಿ ಸಿಕ್ಕಿದರು. ಗುರುತು ಹಿಡಿದು ಅವರೇ ಮಾತಾಡಿಸಿದರು. ಕೋಪವಿಲ್ಲ, ನಗುಮುಖ. ಟಿವಿಯಲ್ಲಿ ನೋಡ್ತಿರ್ತೀವಿ ಅಂದರು. ನಾನು ಮಾತಿಗೆ ಅಂತ ಕೇಳಿದೆ: ‘ಸಂಗೀತ ಹೇಗಿದೆ?’

‘ವರ್ಣದವರೆಗೆ ಬಂದಿದ್ದೆ. ಆಗ ನೀವು ಹಿಂದೆ ಬರ್ತಿದ್ದಿರಲ್ಲ, ಅದಕ್ಕೆ ಬಿಟ್ಟುಬಿಟ್ಟೆ. ಅಪ್ಪನಿಗೆ ಹೇಳಿದ್ದರೆ ಕಾಲೇಜೂ ಬಿಡಿಸ್ತಿದ್ದರು. ಸಂಗೀತ ಒಂದೇ ಹೋಗಲಿ ಅಂದುಕೊಂಡೆ.’

ಇಷ್ಟೇ ಹೇಳಿದರು. ಊಟಕ್ಕೆ ಕರೆದರು, ಎದ್ದು ಹೋದರು.

‘ಗಣೇಶನ ಮದುವೆ’ಯನ್ನ ನಾನು ಆ ಹಿಂದಿನ ವರ್ಷವೇ ನೋಡಿದ್ದೆ, ಎರಡು ಸಲ. ಹಾಡೋ ಹುಡುಗಿಯ ದನಿಗೆ ಮನಸೋತವನು ಕೂತು ಕಾಗದ ಬರೆದ. ಕಾಗದಕ್ಕೆ ಉತ್ತರ ಕೊಡೋದೂ ಬಿಡೋದೂ ಅವಳಿಗೆ ಬಿಟ್ಟಿದ್ದು. ನನಗೆ ಸಿನಿಮಾದ ನಗು ಅರ್ಥವಾಯ್ತು, ಇದು ಅರ್ಥವಾಗಲಿಲ್ಲ. ನನ್ನ ಲವ್ ಸ್ಟೋರಿಯಲ್ಲಿ ನಕ್ಕವನು ನಾನೊಬ್ಬನೇ. ಅವರ ಪಾಲಿಗೆ ಅದು ವಾರಕ್ಕೆ ಎರಡು ಸಂಜೆಯ ಭಯ.

ಆದ್ದರಿಂದ ಈ ವಾರಾಂತ್ಯ ಸಿನಿಮಾ ನೋಡಿ. ಮಕ್ಕಳ ಜೊತೆ ಕೂತು ನೋಡಿ. ನಗಿ, ಧಾರಾಳವಾಗಿ ನಗಿ. ನಗುವಾಗ ಒಂದು ಸಲ ಪರದೆ ಮೇಲಿನ ಆ ಹುಡುಗಿಯ ಮುಖ ನೋಡಿ. ಅವಳೂ ನಗ್ತಿದ್ದಾಳಾ?

ಮೈಸೂರಿನ ಹಿಂದಿನ ಸಾಲಿನ ಹುಡುಗಿಗೆ: ಅವತ್ತು ಜೋಕ್ ಹೊಡೆದಿದ್ದಕ್ಕೆ ಕ್ಷಮೆ ಇರಲಿ.