ಹಕ್ಕಲು, ದಶಮಾಂಶ ಮತ್ತು ಮನೆವಾರ್ತೆ

(ಗುರುಗುಂಟಾದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಗೆ ಕಾಣಿಕೆ ಕೊಡುವ ವಿಷಯ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ದುಡ್ಡಿನ ಮಾತೆಂದರೆ ಹೇಳುವವರಿಗೂ ಮುಜುಗರ, ಕೇಳುವವರಿಗೂ ಮುಜುಗರ. ಆದರೂ ಈ ಮಾತಿಗೆ ಇದಕ್ಕಿಂತ ತಕ್ಕ ಸೀಮೆ ಸಿಗಲಾರದು. ಲಿಂಗಸುಗೂರು ದಾಟಿದರೆ ಮುದಗಲ್ಲು. ಗೋವಾದಿಂದ ಬಂದ ಪಾದ್ರಿಗಳು ಆದಿಲ್‌ಶಾಹಿಗಳ ಕಾಲದಲ್ಲಿಯೇ ಅಲ್ಲಿ ಕ್ರೈಸ್ತ ಸಮುದಾಯವನ್ನು ಕಟ್ಟಿದರು. ಇತ್ತ ನಿಮ್ಮ ಮಗ್ಗುಲಲ್ಲೇ ಅಮರೇಶ್ವರ, ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಯ ಊರು.

ಅವರ ಕಥೆ ನಿಮಗೆ ನಾನು ಹೇಳಬೇಕಿಲ್ಲ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಒಪ್ಪಲಿಲ್ಲ. ಇಷ್ಟು ನಮಗೇಕೆ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಕಳಿಸಿದಳು. ನಾವು ಸಾಮಾನ್ಯವಾಗಿ ದಾನವನ್ನು ಕೊಟ್ಟ ಮೊತ್ತದಿಂದ ಅಳೆಯುತ್ತೇವೆ. ಲಕ್ಕಮ್ಮ ಅಳೆದದ್ದು ತಂದ ಮೊತ್ತವನ್ನು. ಧರ್ಮಕ್ಕೇ ಆದರೂ ಸರಿ, ಅಗತ್ಯ ಮೀರಿ ಕೂಡಿಹಾಕುವುದು ಆಸೆಯೇ ಎಂಬುದು ಅವಳ ನಿಲುವು.

ಬೈಬಲ್ಲಿನಲ್ಲಿಯೂ ಇಂಥ ಆಯುವ ಕೆಲಸವೊಂದಿದೆ. ನಮ್ಮ ರೈತರ ಮಾತಿನಲ್ಲಿ ಅದು ಹಕ್ಕಲು ಆಯುವುದು. ಕೊಯ್ಲಿನಲ್ಲಿ ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಬಿದ್ದ ತೆನೆಯನ್ನು ಆಯ್ದುಕೊಳ್ಳಬಾರದು, ಅದು ಬಡವರಿಗೆ ಮತ್ತು ಪರದೇಶಿಗಳಿಗೆ ಸೇರಿದ್ದು ಎಂಬುದು ಯಾಜಕಕಾಂಡದ 19ನೇ ಅಧ್ಯಾಯದ ಕಟ್ಟಳೆ. ಗಂಡ ಸತ್ತ ಪರದೇಶಿ ಹೆಣ್ಣು ರೂತಳು ಹಾಗೆ ಆಯ್ದವಳು. ಸಂಜೆ ಬಡಿದಾಗ ಸುಮಾರು ಒಂದು ಏಫಾ ಜವೆಗೋದಿ ಆಯಿತು. ತಾನು ಉಂಡು ಉಳಿಸಿದ್ದನ್ನೂ ಅತ್ತೆಗೆ ತಂದುಕೊಟ್ಟಳು. ಆಯುವವಳೂ ಕೊಡುವವಳೇ.

ಈಗ ದಶಮಾಂಶಕ್ಕೆ ಬರೋಣ. ಹತ್ತರಲ್ಲಿ ಒಂದು ಪಾಲು ದೇವರದೆಂದು ಎಲ್ಲ ಸಭೆಗಳಲ್ಲೂ ಪ್ರಸಂಗ ಕೇಳಿದ್ದೇವೆ. ಹಳೆಯ ಒಡಂಬಡಿಕೆಯಲ್ಲಿ ಅದು ಮುಖ್ಯವಾಗಿ ಭೂಮಿಯ ಬೆಳೆ ಮತ್ತು ದನಕುರಿಗಳ ಮೇಲಿನದು. ಮೂರನೆಯ ವರ್ಷದ ದಶಮಾಂಶವನ್ನು ಊರಲ್ಲಿಯೇ ಕೂಡಿಡಬೇಕು. ಭೂಮಿ ಇಲ್ಲದ ಲೇವಿಯರು, ಪರದೇಶಿಗಳು, ತಬ್ಬಲಿಗಳು, ವಿಧವೆಯರು ಅದನ್ನು ಉಂಡು ತೃಪ್ತರಾಗಬೇಕು ಎಂದು ಧರ್ಮೋಪದೇಶಕಾಂಡದ 14ನೇ ಅಧ್ಯಾಯ ಹೇಳುತ್ತದೆ. ಅಂದರೆ ರೂತಳಂಥವಳು ದಶಮಾಂಶವನ್ನು ಪಡೆಯುವವಳು. ಸಿಂಧನೂರು ಕಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆದು ನೂರು ಚೀಲ ಮನೆಗೆ ತಂದವನಿಗೆ ಹತ್ತು ಚೀಲ ಹೋದರೆ ತೊಂಬತ್ತು ಉಳಿಯುತ್ತದೆ. ಆ ಭತ್ತ ನಾಟಿ ಮಾಡಿದ ಹೆಣ್ಣಾಳಿನ ಕೂಲಿಯಲ್ಲಿ ಹತ್ತನೆಯ ಪಾಲು ತೆಗೆದರೆ ಒಂದು ಹೊತ್ತಿನ ಅಡುಗೆಯೇ ಹೋಗುತ್ತದೆ. ಇಬ್ಬರಿಗೂ ಒಂದೇ ಲೆಕ್ಕ ಹೇಳುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಒಪ್ಪದವರು ಇಲ್ಲಿಯೂ ಇರಬಹುದು.

ಎರಡು ಕಾಸು ಹಾಕಿದ ವಿಧವೆಯ ಪ್ರಸಂಗವನ್ನು ಕಾಣಿಕೆಯ ಭಾನುವಾರದಂದು ತಪ್ಪದೆ ಓದುತ್ತಾರೆ. ಮಾರ್ಕನು ಬರೆದ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಅದಕ್ಕೆ ತುಸು ಮುಂಚೆಯೇ ಇರುವ ಮಾತನ್ನು ಮಾತ್ರ ಬಿಡುತ್ತಾರೆ. ಉದ್ದುದ್ದ ಪ್ರಾರ್ಥನೆ ಮಾಡುತ್ತ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಯೇಸು ಅಲ್ಲಿ ಖಂಡಿಸುತ್ತಾನೆ. ಎರಡನ್ನೂ ಕೂಡಿಸಿ ಓದಿದಾಗ ವಿಧವೆಯನ್ನು ಹೊಗಳಿ ಸುಮ್ಮನಾಗಲು ಬರುವುದಿಲ್ಲ.

ಹಾಗಾದರೆ ಬಡವರು ಕೊಡಲೇಬಾರದೆ? ಇದಕ್ಕೆ ಒಳ್ಳೆಯ ಉತ್ತರ ನಮ್ಮ ನೆರೆಯ ತೆಲುಗು ಸೀಮೆಯಿಂದ ಬಂದಿದೆ. 1912ರಲ್ಲಿ ದೋರ್ನಕಲ್ಲಿನ ಬಿಷಪ್ ಆದ ವಿ.ಎಸ್. ಅಜರಯ್ಯ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಕ್ರೈಸ್ತ ದಾನದ ಬಗ್ಗೆಯೇ ಒಂದು ಪುಸ್ತಕ ಬರೆದವರು. ಅವರ ಜನರಲ್ಲಿ ಹೆಚ್ಚಿನವರು ಕಡುಬಡವರು. ಅಡುಗೆಗೆ ಅಕ್ಕಿ ಹಾಕುವಾಗ ಒಂದು ಹಿಡಿ ತೆಗೆದಿಡುವುದು ಅಲ್ಲಿನ ಹೆಂಗಸರ ರೂಢಿಯಾಯಿತು. ದೂರದ ಮಿಜೋರಾಮಿನಲ್ಲಿಯೂ 1910ರ ಸುಮಾರಿಗೆ ಇದೇ ಹಿಡಿಅಕ್ಕಿ ಶುರುವಾಯಿತು. ಇದರಲ್ಲಿ ದುಡ್ಡು ಬೇಕಿಲ್ಲ, ಗಂಡನ ಅಪ್ಪಣೆಯೂ ಬೇಕಿಲ್ಲ. ನಮ್ಮ ಕಡೆ ಹಿಡಿ ಜೋಳವೆನ್ನಿ.

ಹೊರಗಿನ ಹಣವನ್ನು ನಂಬಿದರೆ ಏನಾಗುತ್ತದೆ ಎಂಬುದನ್ನು ಕನ್ನಡ ನಾಡು ಕಂಡಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆಗಳನ್ನು ಕಟ್ಟಿತು. ಮೊದಲನೆಯ ಮಹಾಯುದ್ಧ ಬಂದಾಗ ಜರ್ಮನ್ ಪಾದ್ರಿಗಳು ಬಂಧಿತರಾದರು, ಕಾರ್ಖಾನೆಗಳು ಬೇರೆಯವರ ಕೈಸೇರಿದವು.

ಇನ್ನು ಕೊಟ್ಟ ಮೇಲಿನ ಮಾತು. ಕನ್ನಡ ಬೈಬಲ್ಲಿನಲ್ಲಿ ಒಂದು ಚಂದದ ಶಬ್ದವಿದೆ: ಮನೆವಾರ್ತೆಯವನು. ಒಡೆಯನ ಮನೆಯ ಆಗುಹೋಗು ನೋಡಿಕೊಳ್ಳುವವನು, ನಮ್ಮ ಪಾರುಪತ್ಯಗಾರನ ಹಾಗೆ. ಅವನ ಕೈಯಲ್ಲಿ ಎಲ್ಲವೂ ಇರುತ್ತದೆ, ಅವನದು ಯಾವುದೂ ಅಲ್ಲ. ಲೂಕನ 16ನೇ ಅಧ್ಯಾಯದಲ್ಲಿ ಒಡೆಯ ಅವನನ್ನು ಕರೆಸಿ ಮೊದಲು ಕೇಳುವುದು ಲೆಕ್ಕವನ್ನೇ. ಈ ಹೆಸರು ಕೊಡುವವನಿಗೆ ಮಾತ್ರವಲ್ಲ, ಪೆಟ್ಟಿಗೆಯ ಬೀಗದ ಕೈ ಇಟ್ಟುಕೊಂಡವನಿಗೂ ಸಲ್ಲುತ್ತದೆ. ಕೆಥೊಲಿಕ್ ಸಭೆಯ 1983ರ ಕಾನೂನು ಸಂಹಿತೆಯ 1287ನೇ ವಿಧಿಯ ಪ್ರಕಾರ, ಭಕ್ತರು ಅರ್ಪಿಸಿದ ಸಂಪತ್ತಿನ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕು. ಪ್ರಾಟೆಸ್ಟಂಟ್ ಸಭೆಗಳಲ್ಲಿ ವಾರ್ಷಿಕ ಕೂಟದಲ್ಲಿ ಲೆಕ್ಕ ಓದುವ ಪದ್ಧತಿಯಿದೆ. ಊಟದ ಹೊತ್ತಾಯಿತೆಂದು ಅವಸರದಲ್ಲಿ ಓದಿ ಮುಗಿಸುವುದನ್ನು ನಾನು ಕಂಡಿದ್ದೇನೆ. ಆ ಹೊತ್ತಿಗೆ ಹೆಂಗಸರೆಲ್ಲ ಒಲೆಯ ಮುಂದಿರುತ್ತಾರೆ. ಹಿಡಿ ಕಾಳು ತೆಗೆದಿಟ್ಟವರು ಅವರು. ಅವರು ಬಂದು ಕುಳಿತ ಮೇಲೆ ಓದಿ, ನಿಧಾನವಾಗಿ, ಅವರು ಪ್ರಶ್ನೆ ಕೇಳುವಷ್ಟು ಬಿಡುವು ಕೊಟ್ಟು.